ಕಾರ್ಡ್‌ನಿಂದ ದುಡ್ಡು ಹೋಗಲಿಲ್ಲ, ಹಾಡು ಹೋಯಿತು

ಧಾರವಾಡದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಹಗಲು ಬ್ಯಾಂಕ್ ಕೆಲಸ, ಸಂಜೆಯಾದರೆ ಹಾರ್ಮೋನಿಯಂ. 2020ರ ಲಾಕ್‌ಡೌನ್‌ನಲ್ಲಿ ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ಕೌದಿ ಕಟ್ಟಿ ನಾಲ್ಕು ಹಾಡು ರೆಕಾರ್ಡ್ ಮಾಡಿದ. ಒಂದು ವಿದೇಶಿ ವಿತರಣಾ ಕಂಪನಿಗೆ ವರ್ಷದ ಚಂದಾ ಕಟ್ಟಿ ಎಲ್ಲ ಮ್ಯೂಸಿಕ್ ಆ್ಯಪ್‌ಗಳಿಗೂ ಹಾಕಿಸಿದ. ಮುಂದಿನ ವರ್ಷದ ಕೊನೆಯಲ್ಲಿ ಅವನ ಅಕ್ಕನ ಫೋನು ಬಂತು: “ಏ ತಮ್ಮಾ, ನಿನ್ನ ಹಾಡೆಲ್ಲಾ ಎಲ್ಲಿ ಹೋದ್ವೋ? ಎಷ್ಟು ಹುಡುಕಿದ್ರೂ ಸಿಗವಲ್ವು.”

ಆಗಿದ್ದು ಇಷ್ಟೇ. 2021ರ ಅಕ್ಟೋಬರ್ 1ರಿಂದ ಕಾರ್ಡ್ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿತ್ತು. ತಿಂಗಳಿಗೋ ವರ್ಷಕ್ಕೋ ದುಡ್ಡು ತಾನಾಗಿಯೇ ಕಡಿತವಾಗಬೇಕಾದರೆ ಗ್ರಾಹಕ ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು. ಆ ವ್ಯವಸ್ಥೆಗೆ ಒಗ್ಗದ ಎಷ್ಟೋ ವಿದೇಶಿ ಕಂಪನಿಗಳ ಚಂದಾ ಆಗ ಸುಮ್ನೆ ನಿಂತುಹೋಯಿತು. ದುಡ್ಡು ಬರಲಿಲ್ಲ ಎಂದು ಕಂಪನಿ ಎರಡು ಮೇಲ್ ಕಳಿಸಿತ್ತು. ಅವು ಜಾಹೀರಾತಿನ ಮೇಲ್‌ಗಳ ನಡುವೆ ಬಿದ್ದಿದ್ದವು. ಮೂರನೆಯದಕ್ಕೆ ಹಾಡನ್ನೇ ಆ್ಯಪ್‌ಗಳಿಂದ ಇಳಿಸಿತು. ತಮಾಷೆಯೆಂದರೆ, ಆ ನಿಯಮವನ್ನು ಕೌಂಟರ್‌ನಲ್ಲಿ ಕೂತು ದಿನಕ್ಕೆ ಹತ್ತು ಜನಕ್ಕೆ ವಿವರಿಸುತ್ತಿದ್ದವನು ಇದೇ ಮನುಷ್ಯ.

ಮತ್ತೆ ದುಡ್ಡು ಕಟ್ಟಿದ, ಹಾಡುಗಳು ವಾಪಸ್ ಬಂದವು. ಆದರೆ ಯಾರೋ ಪುಣ್ಯಾತ್ಮರು ತಮ್ಮ ದೊಡ್ಡ ಪ್ಲೇಲಿಸ್ಟ್‌ಗೆ ಸೇರಿಸಿಕೊಂಡಿದ್ದ ಒಂದು ಹಾಡು ಮತ್ತೆ ಅಲ್ಲಿಗೆ ಸೇರಲೇ ಇಲ್ಲ.

ನಾನು ಸ್ನೇಹಿತರ ಹಾಡುಗಳನ್ನು ಅಪ್‌ಲೋಡ್ ಮಾಡಿಕೊಡುತ್ತಿರುತ್ತೇನೆ. ಹೀಗಾಗಿ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಕೇಳುತ್ತಾರೆ, “ಯಾವ ಡಿಸ್ಟ್ರಿಬ್ಯೂಟರ್ ಬೆಸ್ಟು?” ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನಾವೆಲ್ಲ ಅಡ್ವಾನ್ಸ್ ಎಷ್ಟು, ನೀರು ಬರುತ್ತಾ ಎಂದು ಕೇಳುತ್ತೇವೆ. ಬಿಡುವಾಗ ಪೇಂಟಿಂಗ್‌ಗೆಂದು ಎಷ್ಟು ಹಿಡಿದುಕೊಳ್ಳುತ್ತೀರಿ ಎಂದು ಕೇಳುವುದಿಲ್ಲ. ವಿತರಣಾ ಕಂಪನಿಯ ವಿಷಯದಲ್ಲೂ ನಾವು ಮಾಡುವ ತಪ್ಪು ಅದೇ. ಬೆಲೆ, ಆ್ಯಪ್‌ಗಳ ಸಂಖ್ಯೆ ನೋಡುತ್ತೇವೆ. ಬಿಟ್ಟು ಹೊರಡುವ ದಿನ ಹಾಡು, ಲೆಕ್ಕ, ಬಾಕಿ ದುಡ್ಡು ಏನಾಗುತ್ತದೆ ಎಂದು ನೋಡುವುದಿಲ್ಲ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಅದನ್ನೇ.

ನಡುವೆ ಒಬ್ಬರು ಯಾಕೆ ಬೇಕು?

ನೇರವಾಗಿ ಸ್ಪಾಟಿಫೈಗೇ ಹಾಡು ಕೊಡಬಹುದಲ್ವಾ ಎಂದು ಕೇಳುವವರಿದ್ದಾರೆ. ಒಂದು ಕಾಲದಲ್ಲಿ ಅದೂ ನಡೆಯಿತು. 2018ರ ಸೆಪ್ಟೆಂಬರ್‌ನಲ್ಲಿ ಸ್ಪಾಟಿಫೈ ಕೆಲವು ಕಲಾವಿದರಿಗೆ ನೇರ ಅಪ್‌ಲೋಡ್ ಅವಕಾಶ ಕೊಟ್ಟು ನೋಡಿತು. ವರ್ಷ ತುಂಬುವ ಮೊದಲೇ, 2019ರ ಜುಲೈನಲ್ಲಿ, ನಿಲ್ಲಿಸುತ್ತೇವೆ ಎಂದು ಹೇಳಿತು. ಈಗ ಸ್ಪಾಟಿಫೈ ಇರಲಿ, ಆ್ಯಪಲ್ ಮ್ಯೂಸಿಕ್ ಇರಲಿ, ಹಾಡು ಬರಬೇಕಾದದ್ದು ಲೇಬಲ್ (ಆಡಿಯೋ ಕಂಪನಿ) ಅಥವಾ ವಿತರಕರ ಮೂಲಕ. ಎಪಿಎಂಸಿಯಲ್ಲಿ ದಲಾಲಿ ಇದ್ದಂತೆ ಅಂದುಕೊಳ್ಳಿ. ಈರುಳ್ಳಿ ನಿಮ್ಮದೇ, ಆದರೆ ಚೀಟಿ ಬರೆಯುವವರು ಅವರು.

ಈ ದಲಾಲಿಗಳು ದುಡ್ಡು ತೆಗೆದುಕೊಳ್ಳುವ ರೀತಿ ಮೂರು. ಡಿಸ್ಟ್ರೋಕಿಡ್ ತರಹದವು ವರ್ಷದ ಬಾಡಿಗೆ ತೆಗೆದುಕೊಳ್ಳುತ್ತವೆ. ಎಷ್ಟು ಬೇಕಾದರೂ ಹಾಡು ಹಾಕಿ, ಗಳಿಕೆ ಪೂರ್ತಿ ನಿಮ್ಮದೇ. ಒಂದೊಂದು ಬಿಡುಗಡೆಗೆ ಪ್ರತಿ ವರ್ಷ ದುಡ್ಡು ಕೇಳುತ್ತಿದ್ದ ಟ್ಯೂನ್‌ಕೋರ್ ಕೂಡ 2022ರಲ್ಲಿ ಈ ದಾರಿಗೆ ಬಂತು. ಸಿಡಿ ಬೇಬಿಯದು ಇನ್ನೊಂದು ದಾರಿ. ಒಂದು ಬಿಡುಗಡೆಗೆ ಒಂದೇ ಸಲ ದುಡ್ಡು ಕಟ್ಟಬೇಕು, ಆಮೇಲೆ ಗಳಿಕೆಯಲ್ಲಿ ಶೇ 9 ಅವರದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ರೂಟ್‌ನೋಟ್ ತನ್ನ ಉಚಿತ ಯೋಜನೆಯಲ್ಲಿ ಮೊದಲಿಗೆ ಏನೂ ಕೇಳುವುದಿಲ್ಲ, ಗಳಿಕೆಯಲ್ಲಿ ಶೇ 15 ಹಿಡಿದುಕೊಳ್ಳುತ್ತದೆ. ಈ ದರಗಳು ಆಗಾಗ ಬದಲಾಗುತ್ತವೆ, ಕಟ್ಟುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಜಾಹೀರಾತಿನಲ್ಲಿ “ಶೇ 100 ರಾಯಲ್ಟಿ ನಿಮ್ಮದೇ” ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ವರ್ಷದ ಬಾಡಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 15 ಕಮಿಷನ್ ಅದನ್ನು ಮೀರಬೇಕಾದರೆ ನಿಮ್ಮ ಹಾಡುಗಳು ವರ್ಷಕ್ಕೆ 13,300 ರೂಪಾಯಿಗಿಂತ ಜಾಸ್ತಿ ದುಡಿಯಬೇಕು. ಶೇ 9 ಆದರೆ 22,000 ದಾಟಬೇಕು. ನನಗೆ ಗೊತ್ತಿರುವ ಕನ್ನಡ ಹವ್ಯಾಸಿ ಕಲಾವಿದರಲ್ಲಿ ಆ ಗೆರೆ ಮುಟ್ಟಿದವರು ತೀರಾ ಕಡಿಮೆ. ತಿಂಗಳಿಗೊಂದು ಹಾಡು ಬಿಡುವ ರ‍್ಯಾಪ್ ಹುಡುಗರಿಗೆ ವರ್ಷದ ಬಾಡಿಗೆ ಲಾಭ. ಎರಡು ವರ್ಷಕ್ಕೊಂದು ಭಾವಗೀತೆ ಮಾಡುವ ನನ್ನ ಗೆಳೆಯನಂಥವನಿಗೆ ಅದು ಖಾಲಿ ಮನೆಗೆ ಬಾಡಿಗೆ ಕಟ್ಟಿದಂತೆ.

ಬಾಡಿಗೆ ಮಾದರಿಯ ನಿಜವಾದ ಬೆಲೆ ಕಾಣುವುದು ನಿಲ್ಲಿಸಿದ ದಿನ. ಚಂದಾ ನಿಂತರೆ ಹಾಡು ಇಳಿಯುತ್ತದೆ. ಡಿಸ್ಟ್ರೋಕಿಡ್‌ನಲ್ಲಿ ಇದಕ್ಕೆ ‘ಲೀವ್ ಎ ಲೆಗಸಿ’ ಎಂಬ ಪ್ರತ್ಯೇಕ ಶುಲ್ಕವಿದೆ. ಒಂದು ಹಾಡಿಗೆ 29 ಡಾಲರ್, ಆಲ್ಬಮ್‌ಗೆ 49 ಡಾಲರ್ ಕಟ್ಟಿದರೆ ಚಂದಾ ನಿಂತರೂ ಹಾಡು ಉಳಿಯುತ್ತದೆ. ಆಸ್ತಿ ಬಿಟ್ಟುಹೋಗುವುದಕ್ಕೂ ಕಂದಾಯ! ನಾಲ್ಕು ಬಿಡಿ ಹಾಡಿಗೆ ಇದನ್ನು ಕಟ್ಟಿದರೆ 116 ಡಾಲರ್. ಅಂದರೆ ಅಗ್ಗ ಎಂದುಕೊಂಡು ಸೇರಿದ ಯೋಜನೆ ಬಿಡುವಾಗ ಅಗ್ಗವಲ್ಲ.

ನಾವು ಬಿಡದಿದ್ದರೂ ಅವರು ಬಿಡಬಹುದು

ಕಂಪನಿ ಆರಿಸಿಕೊಂಡ ಮೇಲೆ ಅದು ಹಾಗೇ ಇರುತ್ತದೆ ಎಂಬ ಖಾತರಿಯಿಲ್ಲ. ಟ್ಯೂನ್‌ಕೋರ್ 2015ರಲ್ಲಿ ಫ್ರಾನ್ಸಿನ ಬಿಲೀವ್ ಕಂಪನಿಯ ಪಾಲಾಯಿತು. 1998ರಲ್ಲಿ ಒಬ್ಬ ಸಂಗೀತಗಾರ ತನ್ನದೇ ಸಿಡಿ ಮಾರಲೆಂದು ಶುರುಮಾಡಿದ ಸಿಡಿ ಬೇಬಿ, ಕೈಯಿಂದ ಕೈಗೆ ಹೋಗಿ ಡೌನ್‌ಟೌನ್ ಕಂಪನಿಯ ಗುಂಪಿಗೆ ಸೇರಿತು. ಆ ಡೌನ್‌ಟೌನ್ ಅನ್ನೇ 77.5 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2024ರ ಡಿಸೆಂಬರ್‌ನಲ್ಲಿ ಯೂನಿವರ್ಸಲ್ ಮ್ಯೂಸಿಕ್‌ನ ಒಂದು ವಿಭಾಗ ಘೋಷಿಸಿತು. ದೊಡ್ಡ ಲೇಬಲ್‌ಗಳ ಹಂಗು ಬೇಡ ಎಂದು ಹೊರಟವರ ಕಂಪನಿಯ ಮೇಲೆ ಕೊನೆಗೆ ದೊಡ್ಡ ಲೇಬಲ್ಲೇ ಕಣ್ಣು ಹಾಕಿತು.

ನಮ್ಮ ದೇಶದ ಕಥೆ ಇನ್ನೂ ಚುರುಕು. ಏರ್‌ಟೆಲ್ 2022ರಲ್ಲಿ ಸ್ವತಂತ್ರ ಕಲಾವಿದರಿಗೆಂದೇ ವಿಂಕ್ ಸ್ಟುಡಿಯೋ ಎಂಬ ವಿತರಣಾ ವ್ಯವಸ್ಥೆ ತೆರೆಯಿತು. 2024ರ ಆಗಸ್ಟ್‌ನಲ್ಲಿ ವಿಂಕ್ ಮ್ಯೂಸಿಕ್ ಆ್ಯಪನ್ನೇ ಮುಚ್ಚುವ ಸುದ್ದಿ ಬಂತು. ಅದೇ ವರ್ಷದ ಜನವರಿ ಕೊನೆಗೆ ರೆಸೋ ಎಂಬ ಇನ್ನೊಂದು ಮ್ಯೂಸಿಕ್ ಆ್ಯಪ್ ಬಾಗಿಲು ಹಾಕಿತ್ತು. ಗಾನಾ ಆ್ಯಪ್ 2022ರಲ್ಲಿ ಉಚಿತ ಕೇಳುವಿಕೆ ನಿಲ್ಲಿಸಿ ಪೂರ್ತಿ ಚಂದಾದಾರರದಾಯಿತು. “ಇಷ್ಟು ನೂರು ಆ್ಯಪ್‌ಗಳಿಗೆ ತಲುಪಿಸುತ್ತೇವೆ” ಎಂಬ ಮಾತಿಗೆ ಮರುಳಾಗುವ ಮೊದಲು ಈ ಪಟ್ಟಿ ನೆನಪಿಸಿಕೊಳ್ಳಿ. ಕನ್ನಡ ಹಾಡಿಗೆ ಬೇಕಾದ ಜಾಗಗಳು ಬೆರಳೆಣಿಕೆಯಷ್ಟು: ಯೂಟ್ಯೂಬ್, ಇನ್‌ಸ್ಟಾಗ್ರಾಂ, ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್, ಅಮೆಜಾನ್. ಉಳಿದವು ಪಟ್ಟಿ ಉದ್ದ ಮಾಡುವುದಕ್ಕೆ.

ಹಾಗಾದರೆ ಬಿಡುವಾಗ ಜೊತೆಗೆ ಬರುವುದು ಏನು? ಐಎಸ್‌ಆರ್‌ಸಿ ಎಂಬ 12 ಅಕ್ಷರ ಮತ್ತು ಅಂಕಿಗಳ ಒಂದು ಕೋಡ್. ಪ್ರತಿ ರೆಕಾರ್ಡಿಂಗ್‌ಗೂ ಆಧಾರ್ ಸಂಖ್ಯೆ ಇದ್ದಂತೆ. ಮೊದಲ ಎರಡು ಅಕ್ಷರ ಕೋಡ್ ಎಲ್ಲಿಂದ ಬಂತು ಎಂದು ಹೇಳುತ್ತವೆ, ಅದರಲ್ಲೇ ವರ್ಷದ ಎರಡು ಅಂಕಿಯೂ ಇರುತ್ತದೆ. ವಿತರಕರು ಇದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಧಾರವಾಡದಲ್ಲಿ ಹಾಡಿದ ಹಾಡಿನ ಕೋಡ್ ‘ಕ್ಯೂಜೆಡ್’ ಎಂದು ಶುರುವಾಗಿದ್ದರೆ ಆಶ್ಚರ್ಯ ಬೇಡ, ಅದು ಅಮೆರಿಕಕ್ಕೆ ಕೊಟ್ಟ ಸರಣಿ. ನಿಮ್ಮದೇ ಕೋಡ್ ಬೇಕೆಂದರೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಸಂಸ್ಥೆಯ ಮೂಲಕ ಪಡೆಯಬಹುದು. ಯಾರು ಕೊಟ್ಟರೂ ಒಂದೇ. ಕಂಪನಿ ಬದಲಿಸುವಾಗ ಅದೇ ಕೋಡ್, ಅದೇ ಆಡಿಯೋ ಫೈಲ್, ಅದೇ ಶೀರ್ಷಿಕೆ ಕೊಟ್ಟರೆ ಹಳೆಯ ಕೇಳುವಿಕೆಯ ಎಣಿಕೆ ಹೊಸದಕ್ಕೆ ಅಂಟಿಕೊಳ್ಳುತ್ತದೆ. ಕೋಡ್ ಕಳೆದುಕೊಂಡು ಹೊಸದು ಹಾಕಿದಿರೋ, ಆ್ಯಪ್‌ಗಳ ಪಾಲಿಗೆ ಅದು ನಿನ್ನೆ ಹುಟ್ಟಿದ ಹಾಡು.

ಪಂಪ್‌ಸೆಟ್ಟಿನ ಪಕ್ಕ ಸಹಿ ಹಾಕಿದ ಕಾಗದ

ವಿದೇಶಿ ಕಂಪನಿಗಳ ಬಗ್ಗೆ ಇಷ್ಟು ಹೇಳಿದೆ. ಆದರೆ ನಮ್ಮಲ್ಲಿ ಬಹಳ ಜನ ಕಲಾವಿದರು ಆ ಬಾಗಿಲಿಗೆ ಹೋಗುವುದೇ ಇಲ್ಲ. ಉತ್ತರ ಕರ್ನಾಟಕದ ಜಾನಪದ ಹಾಡುಗಳ ಲೋಕ ನೋಡಿ. ಊರಿನ ಹತ್ತಿರ ಒಂದು ಸ್ಟುಡಿಯೋ, ಅದರದ್ದೇ ಯೂಟ್ಯೂಬ್ ಚಾನೆಲ್, ಲಕ್ಷಗಟ್ಟಲೆ ಚಂದಾದಾರರು. “ಹಾಡು ಕೊಡ್ರಿ, ನಾವು ಹಾಕ್ತೀವಿ, ನಿಮ್ಮ ಹೆಸರು ಬರ್ತೈತಿ” ಎನ್ನುತ್ತಾರೆ. ರೆಕಾರ್ಡಿಂಗ್ ಖರ್ಚು ಅವರದೇ. ಹಾಡುವವನಿಗೆ ಇದಕ್ಕಿಂತ ಸುಲಭ ಏನಿದೆ? ಅದನ್ನು ಮೋಸ ಎನ್ನುವುದೂ ಸರಿಯಲ್ಲ. ಆ ಚಾನೆಲ್‌ಗಳಿಲ್ಲದಿದ್ದರೆ ಎಷ್ಟೋ ದನಿಗಳು ಊರಿನ ಜಾತ್ರೆ ದಾಟುತ್ತಿರಲಿಲ್ಲ.

ತೊಂದರೆ ಬರುವುದು ಹಾಡು ಓಡಿದಾಗ. ನನಗೆ ತೋರಿಸಿದ ಒಂದು ಕರಾರಿನಲ್ಲಿ ‘ಸದರಿ ಹಾಡಿನ ಎಲ್ಲ ಹಕ್ಕು’ ಎಂಬ ಒಂದೇ ಸಾಲಿತ್ತು. ಎಷ್ಟು ವರ್ಷಕ್ಕೆ, ಯಾವ ದೇಶಕ್ಕೆ, ಎಷ್ಟು ದುಡ್ಡಿಗೆ, ಏನೂ ಇಲ್ಲ. ಹೊಲದಲ್ಲಿ ಪಂಪ್‌ಸೆಟ್ ಪಕ್ಕ ನಿಂತು ಸಹಿ ಹಾಕಿದೆ ಎಂದ ಹಾಡುಗಾರ. ಇಂಥ ಕಡೆ ನಮ್ಮ ಕಾಪಿರೈಟ್ ಕಾಯ್ದೆ ಜನ ಅಂದುಕೊಂಡಿದ್ದಕ್ಕಿಂತ ಕಲಾವಿದರ ಪರವಾಗಿದೆ. 1957ರ ಆ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ ಇರಲೇಬೇಕು, ಕೊಡುವವರ ಸಹಿ ಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆ ಒಂದು ಸಾಲಿನ ಕರಾರನ್ನು ಇಟ್ಟುಕೊಂಡು ‘ಶಾಶ್ವತವಾಗಿ, ಪ್ರಪಂಚದಾದ್ಯಂತ ನಮ್ಮದು’ ಎಂದು ಹೇಳುವುದು ಅಷ್ಟು ಸುಲಭವಲ್ಲ.

ಇನ್ನೊಂದಿದೆ. 2012ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ಅದಕ್ಕಾಗಿ ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲೇ ಗಟ್ಟಿಯಾಗಿ ಮಾತಾಡಿದ್ದರು. ಅದರ ಪ್ರಕಾರ ಸಾಹಿತ್ಯ ಬರೆದವರು, ರಾಗ ಹಾಕಿದವರು ರೆಕಾರ್ಡಿಂಗ್ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಹಾಡಿಗೆ ಪದ ಕಟ್ಟಿದ ಕವಿ ‘ನನ್ನದು ಮುಗೀತು’ ಎಂದು ಕೈ ತೊಳೆದುಕೊಳ್ಳುವ ಮುಂಚೆ ಇದು ಗೊತ್ತಿರಲಿ.

ಆದರೆ ಆ ಪಾಲು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಅದನ್ನು ವಸೂಲಿ ಮಾಡುವುದು ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಲ್ಲಿ ಶುರುವಾದ ಈ ಸೊಸೈಟಿಗೆ ಸಾಹಿತಿ, ಸಂಗೀತ ಸಂಯೋಜಕರು ಸದಸ್ಯರಾಗಿ ತಮ್ಮ ಹಾಡುಗಳನ್ನು ನೋಂದಾಯಿಸಬೇಕು. ಡಿಸ್ಟ್ರೋಕಿಡ್ಡೋ ರೂಟ್‌ನೋಟೋ ಕೊಡುವುದು ರೆಕಾರ್ಡಿಂಗ್‌ನ ದುಡ್ಡು ಮಾತ್ರ. ಬರೆದದ್ದಕ್ಕೆ, ರಾಗ ಹಾಕಿದ್ದಕ್ಕೆ ಬರುವ ದುಡ್ಡಿನ ದಾರಿ ಬೇರೆ, ಅದಕ್ಕೆ ಪಬ್ಲಿಷಿಂಗ್ ಎನ್ನುತ್ತಾರೆ. ಕೆಲವು ವಿತರಕರು ‘ಪಬ್ಲಿಷಿಂಗ್ ಕೂಡ ನಾವೇ ನೋಡಿಕೊಳ್ಳುತ್ತೇವೆ’ ಎಂದು ಜಾಸ್ತಿ ದುಡ್ಡಿಗೆ ಒಂದು ಟಿಕ್ ಹಾಕಿಸುತ್ತಾರೆ. ಈಗಾಗಲೇ ಐಪಿಆರ್‌ಎಸ್ ಸದಸ್ಯರಾಗಿದ್ದರೆ ಆ ಟಿಕ್ ಹಾಕುವ ಮುಂಚೆ ಸೊಸೈಟಿಯನ್ನು ಕೇಳಿ. ಒಂದೇ ಹಕ್ಕನ್ನು ಇಬ್ಬರಿಗೆ ಕೊಟ್ಟರೆ ಇಬ್ಬರೂ ದುಡ್ಡು ತಡೆಹಿಡಿಯಬಹುದು.

ಶರೀಫರ ಪದ ಯಾರದು, ಮಟ್ಟು ಯಾರದು?

ಅಪ್‌ಲೋಡ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಬರುತ್ತದೆ: ‘ಇದು ನಿಮ್ಮ ಸ್ವಂತ ರಚನೆಯೇ, ಬೇರೆಯವರದೇ?’ ಕನ್ನಡದವರು ಎಡವುವುದು ಇಲ್ಲೇ. ಯಾಕೆಂದರೆ ನಮ್ಮ ಸುಗಮ ಸಂಗೀತ ನಿಂತಿರುವುದೇ ಬೇರೆಯವರ ಕವಿತೆಯ ಮೇಲೆ.

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳ ಮೇಲೆ ಯಾರ ಕಾಪಿರೈಟೂ ಇಲ್ಲ. ವಚನ, ದಾಸರ ಪದಗಳೂ ಹಾಗೆಯೇ. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಶರೀಫರ ಹಾಡುಗಳಲ್ಲಿ ಎಷ್ಟೋ ಸಿ. ಅಶ್ವತ್ಥ್ ರಾಗ ಹಾಕಿದವು. ಅಶ್ವತ್ಥ್ ಹೋದದ್ದು 2009ರ ಡಿಸೆಂಬರ್‌ನಲ್ಲಿ. ನಮ್ಮ ಕಾನೂನಿನಲ್ಲಿ ಸಂಯೋಜಕರ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಅಂದರೆ ಆ ರಾಗ ಸಂಯೋಜನೆಗಳ ಹಕ್ಕು 2069ರ ಕೊನೆಯವರೆಗೂ ಇರುತ್ತದೆ. ಭಜನೆ ಮೇಳದವರು ತಲೆಮಾರಿನಿಂದ ಹಾಡಿಕೊಂಡು ಬಂದ ಮಟ್ಟಿನಲ್ಲಿ ಹಾಡಿ, ಯಾರೂ ಕೇಳುವುದಿಲ್ಲ. ಕ್ಯಾಸೆಟ್ ಕೇಳಿ ಕಲಿತದ್ದನ್ನು ‘ಸಾಂಪ್ರದಾಯಿಕ’ ಎಂದು ಟಿಕ್ ಮಾಡಿದರೆ ತಪ್ಪಾಗುತ್ತದೆ.

ಬೇಂದ್ರೆಯವರ ವಿಷಯದಲ್ಲಿ ಪದಕ್ಕೇ ಕಾಪಿರೈಟ್ ಇದೆ. ಅವರು ತೀರಿಕೊಂಡದ್ದು 1981ರ ಅಕ್ಟೋಬರ್ 26ಕ್ಕೆ, ಆದ್ದರಿಂದ 2041ರ ಕೊನೆಯವರೆಗೆ ಒಪ್ಪಿಗೆ ಬೇಕು. ಡಿವಿಜಿ 1975ರಲ್ಲಿ ಹೋದರು, ಅವರದು 2035ರ ಕೊನೆಗೆ ಮುಗಿಯುತ್ತದೆ. ಧಾರವಾಡದ ನನ್ನ ಗೆಳೆಯ ಈ ಲೆಕ್ಕ ಕೇಳಿ, “ನಮ್ಮ ಅಜ್ಜನ ಕವಿತೆ ಹಾಡಾಕೂ ಪರ್ಮಿಷನ್ ಬೇಕೇನೋ” ಎಂದ. ಬೇಂದ್ರೆ ಅಜ್ಜ ಎಂದರೆ ಧಾರವಾಡದ ಮಂದಿಗೆಲ್ಲ ಸ್ವಂತ ಅಜ್ಜನೇ. ಕಾನೂನು ಮಾತ್ರ ಆ ಸಂಬಂಧ ನೋಡುವುದಿಲ್ಲ. ವೇದಿಕೆಯ ಮೇಲೆ ಹಾಡುವುದಕ್ಕೂ ರೆಕಾರ್ಡ್ ಮಾಡಿ ಪ್ರಪಂಚಕ್ಕೆಲ್ಲ ಹಂಚುವುದಕ್ಕೂ ವ್ಯತ್ಯಾಸವಿದೆ.

ಸಿನಿಮಾ ಹಾಡನ್ನು ತಮ್ಮ ದನಿಯಲ್ಲಿ ಮತ್ತೆ ಹಾಡುವವರಿಗೆ, ಅಂದರೆ ಕವರ್ ಮಾಡುವವರಿಗೆ, ಇನ್ನೊಂದು ಮಾತು. ಕೆಲವು ವಿತರಕರು ‘ಕವರ್ ಲೈಸೆನ್ಸ್’ ಎಂದು ಕೆಲವು ಡಾಲರ್‌ಗೆ ಮಾರುತ್ತಾರೆ. ಅದು ಅಮೆರಿಕದ ಕಾನೂನಿಗೆ ಹೊಂದಿಸಿದ ಲೈಸೆನ್ಸ್. ಕೇಳುಗರೆಲ್ಲ ಮಂಡ್ಯ, ಮೈಸೂರಿನಲ್ಲಿದ್ದಾಗ ಅದರಿಂದ ಪ್ರಯೋಜನವಿಲ್ಲ. ಇಲ್ಲಿ ಆಡಿಯೋ ಕಂಪನಿಯನ್ನೇ ಕೇಳಬೇಕು.

ಈಗೀಗ ವಿತರಕರೂ ಬಿಗಿಯಾಗುತ್ತಿದ್ದಾರೆ ಎಂದು ನನಗನ್ನಿಸುತ್ತದೆ. 2024ರ ನವೆಂಬರ್‌ನಲ್ಲಿ ಯೂನಿವರ್ಸಲ್ ಮ್ಯೂಸಿಕ್ ಬಿಲೀವ್ ಮತ್ತು ಟ್ಯೂನ್‌ಕೋರ್ ಮೇಲೆ 50 ಕೋಟಿ ಡಾಲರ್‌ನ ದಾವೆ ಹೂಡಿತು. ಕದ್ದ ಹಾಡುಗಳನ್ನು, ವೇಗ ಹೆಚ್ಚಿಸಿದ ನಕಲುಗಳನ್ನು ಕಣ್ಣು ಮುಚ್ಚಿ ಹಂಚಿದರು ಎಂಬುದು ಆರೋಪ. ಅಂಥ ಭಯ ಇರುವ ಕಂಪನಿ ನಿಮ್ಮ ಹಾಡಿನ ಬಗ್ಗೆ ಸಣ್ಣ ಅನುಮಾನ ಬಂದರೂ ಖಾತೆಯನ್ನೇ ತಡೆಹಿಡಿಯುತ್ತದೆ. ಒಪ್ಪಿಗೆ ಪತ್ರದ ಒಂದು ಪ್ರತಿ ಮೇಲ್‌ನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ನಿಮ್ಮ ಹಾಡಿಗೆ ನಿಮಗೇ ನೋಟಿಸ್

ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ 2007ರಿಂದ ಇದೆ. ನಿಮ್ಮ ಹಾಡನ್ನು ಬೇರೆಯವರು ವಿಡಿಯೋದಲ್ಲಿ ಬಳಸಿದರೆ ಅದು ಹಿಡಿದು, ಆ ವಿಡಿಯೋದ ಜಾಹೀರಾತು ದುಡ್ಡನ್ನು ನಿಮ್ಮ ಕಡೆ ತಿರುಗಿಸುತ್ತದೆ. ಸಾಮಾನ್ಯ ಕಲಾವಿದರಿಗೆ ಇದು ನೇರವಾಗಿ ಸಿಗುವುದಿಲ್ಲ, ವಿತರಕರ ಮೂಲಕವೇ ಬರಬೇಕು. ಮದುವೆ ವಿಡಿಯೋ, ಊರ ಜಾತ್ರೆಯ ವ್ಲಾಗ್‌ಗಳಲ್ಲಿ ಓಡುವ ಹಾಡಿಗೆ ಇದೇ ಮುಖ್ಯ ಗಳಿಕೆಯಾಗಬಹುದು. ಕೆಲವು ಕಂಪನಿಗಳು ಇದಕ್ಕೆ ಪ್ರತಿ ಹಾಡಿಗೆ ಬೇರೆ ದುಡ್ಡು ಕೇಳುತ್ತವೆ, ಮೇಲೆ ಪಾಲೂ ಹಿಡಿಯುತ್ತವೆ.

ಹಾಗಂತ ಕಂಟೆಂಟ್ ಐಡಿಯ ಟಿಕ್ ಎಲ್ಲರಿಗೂ ಸರಿಹೋಗುವುದಿಲ್ಲ. ಇಂಟರ್‌ನೆಟ್‌ನಿಂದ ತಂದ ‘ಫ್ರೀ ಬೀಟ್’ (ಸಿದ್ಧ ಹಿನ್ನೆಲೆ ಸಂಗೀತ) ಮೇಲೆ ಹಾಡಿದ್ದರೆ, ಅಥವಾ ಸಾವಿರ ಜನ ಬಳಸುವ ಲೂಪ್ (ಮತ್ತೆ ಮತ್ತೆ ಬರುವ ಸಿದ್ಧ ತುಣುಕು) ಇದ್ದರೆ, ಆ ಆಡಿಯೋ ನಿಮ್ಮೊಬ್ಬರದಲ್ಲ. ನೀವು ಕಂಟೆಂಟ್ ಐಡಿಗೆ ಕೊಟ್ಟರೆ ಅದೇ ಲೂಪ್ ಬಳಸಿದ ಬೇರೆಯವರ ಹಾಡಿನ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ದೂರು ಹೋಗುತ್ತದೆ. ಅವರು ತಿರುಗಿಬಿದ್ದರೆ ಮರ್ಯಾದೆ ಹೋಗುವುದು ನಿಮ್ಮದು.

ಇದರಲ್ಲಿ ಒಂದು ನಗು ಬರುವ ತಾಪತ್ರಯವಿದೆ. ಹಾಡು ಬಿಡುಗಡೆಯಾದ ಮಾರನೇ ದಿನ ಕಲಾವಿದರ ಫೋನು ಬರುತ್ತದೆ, “ಅಣ್ಣಾ, ನನ್ನ ಹಾಡಿಗೆ ಯಾರೋ ಕಾಪಿರೈಟ್ ಹಾಕಿದ್ದಾರೆ, ಕದ್ದುಬಿಟ್ಟಿದ್ದಾರೆ!” ನೋಡಿದರೆ ಹಾಕಿದ್ದು ಅವರದೇ ವಿತರಕ. ಸ್ವಂತ ಚಾನೆಲ್ಲಿಗೆ ವಿನಾಯಿತಿ ಕೊಡಿ ಎಂದು ಮೊದಲೇ ಹೇಳದಿದ್ದರೆ ಯಂತ್ರಕ್ಕೆ ಮಾಲೀಕ ಯಾರು, ಕಳ್ಳ ಯಾರು ಗೊತ್ತಾಗುವುದಿಲ್ಲ. ಆ ವಿನಾಯಿತಿ ಎಷ್ಟು ದಿನದಲ್ಲಿ ಸಿಗುತ್ತದೆ, ಸಹಾಯಕ್ಕೆ ಬರೆದರೆ ಮನುಷ್ಯರು ಉತ್ತರಿಸುತ್ತಾರಾ ಎಂಬುದು ನನ್ನ ಪ್ರಕಾರ ಬೆಲೆಗಿಂತ ದೊಡ್ಡ ಪ್ರಶ್ನೆ. ದುಡ್ಡು ಕಟ್ಟುವ ಮೊದಲು ಅವರ ಸಹಾಯ ವಿಭಾಗಕ್ಕೆ ಸುಮ್ನೆ ಒಂದು ಪ್ರಶ್ನೆ ಕಳಿಸಿ ನೋಡಿ. ವಾರವಾದರೂ ಉತ್ತರ ಬರದಿದ್ದರೆ, ಕಷ್ಟ ಬಂದಾಗಲೂ ಬರುವುದಿಲ್ಲ.

ಹೆಸರಿನ ಗೊಂದಲ ಇನ್ನೊಂದು. ಬಸವರಾಜ, ಮಂಜುನಾಥ, ಸಂತೋಷ್ ಎಂಬ ಒಂಟಿ ಹೆಸರಿಟ್ಟುಕೊಂಡು ಹಾಡು ಹಾಕಿದರೆ ಅದು ಅದೇ ಹೆಸರಿನ ಇನ್ನೊಬ್ಬರ ಪುಟಕ್ಕೆ ಹೋಗಿ ಕೂರಬಹುದು. ಊರಿನ ಹೆಸರೋ ಇನಿಷಿಯಲ್ಲೋ ಸೇರಿಸಿ, ಎಲ್ಲ ಕಡೆ ಅದನ್ನೇ ಬಳಸಿ. ಶೀರ್ಷಿಕೆಯ ಕಾಗುಣಿತವೂ ಹಾಗೇ. ‘ಹೂವು’ ಎಂಬ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಎರಡು ಓ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಒಂದು ಯು ಹಾಕಿ. ಯಾವುದಾದರೂ ಒಂದನ್ನು ಆರಿಸಿ ಪೋಸ್ಟರ್, ಯೂಟ್ಯೂಬ್, ಆ್ಯಪ್ ಎಲ್ಲದರಲ್ಲೂ ಅದನ್ನೇ ಇಡಿ.

ದುಡ್ಡು ಎಷ್ಟು, ಬರುವುದು ಹೇಗೆ

ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ನಿಗದಿ ದರ ಸ್ಪಾಟಿಫೈನಲ್ಲಿ ಇಲ್ಲ. ಒಂದು ದೇಶದಲ್ಲಿ ಬಂದ ದುಡ್ಡನ್ನು ಅಲ್ಲಿನ ಒಟ್ಟು ಕೇಳುವಿಕೆಯಲ್ಲಿ ಹಂಚುತ್ತಾರೆ. 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದಾಗ ತಿಂಗಳ ಚಂದಾ 119 ರೂಪಾಯಿ. ಅಮೆರಿಕದಲ್ಲಿ ಆಗ 9.99 ಡಾಲರ್, ಅಂದರೆ ಸುಮಾರು 700 ರೂಪಾಯಿ. ಇಲ್ಲಿ ಬಹಳ ಜನ ಚಂದಾ ಕಟ್ಟದೆ ಜಾಹೀರಾತು ಕೇಳಿಕೊಂಡೇ ಕೇಳುತ್ತಾರೆ. ಹಾಗಾಗಿ ನ್ಯೂಜೆರ್ಸಿಯ ಒಬ್ಬ ಕನ್ನಡಿಗ ಹತ್ತು ಸಲ ಕೇಳಿದ್ದು, ಹಾಸನದ ಒಬ್ಬ ಹತ್ತು ಸಲ ಕೇಳಿದ್ದು ಲೆಕ್ಕದಲ್ಲಿ ಸಮವಲ್ಲ. ಅಲ್ಲಿನ ಕನ್ನಡ ಕೂಟಗಳ ವಾಟ್ಸಾಪ್ ಗುಂಪಿಗೆ ಲಿಂಕ್ ಹೋಗುವುದರಿಂದ ಪ್ರಯೋಜನವಿದೆ ಎಂದು ನಾನು ಹೇಳುವುದು ಇದಕ್ಕೇ.

2024ರಿಂದ ಇನ್ನೊಂದು ಗೆರೆ ಬಂದಿದೆ. ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಂಡಿರದಿದ್ದರೆ ಸ್ಪಾಟಿಫೈ ಅದಕ್ಕೆ ರೆಕಾರ್ಡಿಂಗ್ ರಾಯಲ್ಟಿಯನ್ನೇ ಲೆಕ್ಕ ಹಾಕುವುದಿಲ್ಲ. ಮೊತ್ತ ಸಣ್ಣದೇ, ಒಪ್ಪಿದೆ. ಆದರೆ ಚಿಕ್ಕ ಭಾಷೆಗಳ ಹಾಡುಗಳಿಂದ ಚಿಲ್ಲರೆ ಗುಡಿಸಿ ದೊಡ್ಡವರ ಗಲ್ಲಾಪೆಟ್ಟಿಗೆಗೆ ಹಾಕಿದಂತೆ ಅಲ್ವಾ? ನನಗೆ ಈ ನಿಯಮ ಇವತ್ತಿಗೂ ಸರಿ ಅನ್ನಿಸಿಲ್ಲ.

ಈ ಗೆರೆ ದಾಟಿಸುತ್ತೇವೆ ಎಂದು ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಮಾಡುವವರು ಹುಟ್ಟಿಕೊಂಡಿದ್ದಾರೆ. ಐನೂರು ರೂಪಾಯಿಗೆ ಹತ್ತು ಸಾವಿರ ಕೇಳುವಿಕೆ! ಅದೆಲ್ಲ ಬಾಟ್, ಅಂದರೆ ಮನುಷ್ಯರ ಬದಲು ಯಂತ್ರವೇ ಹಾಡು ಓಡಿಸುವುದು. ಸುಳ್ಳು ಕೇಳುವಿಕೆ ಸಿಕ್ಕಿಬಿದ್ದರೆ ಸ್ಪಾಟಿಫೈ ಈಗ ವಿತರಕರಿಗೆ ದಂಡ ಹಾಕುತ್ತದೆ, ವಿತರಕ ಅದನ್ನು ನಿಮ್ಮ ಖಾತೆಗೆ ಬರೆಯಬಹುದು, ಹಾಡನ್ನೂ ಇಳಿಸಬಹುದು. ಅಮೆರಿಕದ ನಾರ್ತ್ ಕೆರೊಲಿನಾದ ಒಬ್ಬ ಎಐ ಹಾಡು ಮತ್ತು ಬಾಟ್‌ಗಳಿಂದ 1 ಕೋಟಿ ಡಾಲರ್‌ಗೂ ಹೆಚ್ಚು ರಾಯಲ್ಟಿ ಹೊಡೆದನೆಂದು 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಆರೋಪ ಹೊರಿಸಿತು. ಅಂದಿನಿಂದ ಎಲ್ಲರ ಕಣ್ಣೂ ಚೂಪಾಗಿದೆ. ಬೇಸರದ ವಿಷಯವೇನೆಂದರೆ ನೀವು ಕೇಳದಿದ್ದರೂ ಯಾವುದೋ ಬಾಟ್ ಪ್ಲೇಲಿಸ್ಟ್ ನಿಮ್ಮ ಹಾಡನ್ನು ಸೇರಿಸಿಕೊಳ್ಳಬಹುದು. ಗೊತ್ತಿಲ್ಲದ ಊರಿನಿಂದ ಒಂದೇ ದಿನ ಸಾವಿರಾರು ಕೇಳುವಿಕೆ ಬಂದರೆ ಖುಷಿಪಡುವ ಮೊದಲು ವಿತರಕರಿಗೆ ನೀವೇ ಬರೆದು ತಿಳಿಸಿ.

ತೆರಿಗೆಯ ಫಾರ್ಮ್ ನೋಡಿ ಹೆದರಿ ಬಿಡುವವರು ಬಹಳ. ಅಮೆರಿಕದ ಕಂಪನಿಯಾದರೆ ಡಬ್ಲ್ಯೂ-8ಬೆನ್ ಎಂಬ ಫಾರ್ಮ್ ತುಂಬಿಸಿಕೊಳ್ಳುತ್ತದೆ. ಅದರಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿದರೆ, ಅಮೆರಿಕದಿಂದ ಬಂದ ರಾಯಲ್ಟಿ ಮೇಲಿನ ಕಡಿತ ಶೇ 30ರ ಬದಲು ಶೇ 15. ಹತ್ತು ನಿಮಿಷದ ಕೆಲಸ. ದುಡ್ಡು ಕನಿಷ್ಠ ಎಷ್ಟಾದರೆ ಕಳಿಸುತ್ತಾರೆ, ಪೇಪಾಲೋ ಬ್ಯಾಂಕ್ ಖಾತೆಯೋ, ಕಳಿಸುವ ಖರ್ಚು ಎಷ್ಟು ಎಂಬುದನ್ನೂ ಆಗಲೇ ನೋಡಿ. ವರ್ಷಕ್ಕೆ 12 ಡಾಲರ್ ದುಡಿಯುವ ಹಾಡಿಗೆ 50 ಡಾಲರ್‌ನ ಗೆರೆ ಹಾಕಿದ್ದರೆ ನಿಮ್ಮ ದುಡ್ಡು ನಾಲ್ಕು ವರ್ಷ ಅವರ ಬಳಿಯೇ.

ತಂಡದಲ್ಲಿ ಹಾಡಿದ್ದರೆ ಪಾಲನ್ನು ಹಾಡು ಬರುವ ಮೊದಲೇ ಕಾಗದದಲ್ಲಿ ಬರೆಯಿರಿ. ಖಾತೆ ತೆರೆದ ಮೇಲ್ ವಿಳಾಸ ಯಾರದು ಎನ್ನುವುದನ್ನೂ. ಡ್ರಮ್ಸ್ ಬಾರಿಸುವ ಹುಡುಗನ ಮೇಲ್‌ನಲ್ಲಿ ಖಾತೆ ಇದ್ದು, ಅವನು ತಂಡ ಬಿಟ್ಟು ಕೆನಡಾಕ್ಕೆ ಹೋದ ಒಂದು ಪ್ರಕರಣ ನನಗೆ ಗೊತ್ತು. ಜಗಳವೇನೂ ಇರಲಿಲ್ಲ. ಪಾಸ್‌ವರ್ಡ್ ಅವನಿಗೇ ಮರೆತುಹೋಗಿತ್ತು.

ಕೊನೆಗೆ ಗೆಳೆಯ ಏನು ಮಾಡಿದ? ಒಂದೇ ಸಲ ದುಡ್ಡು ಕಟ್ಟುವ ಕಡೆಗೆ ಹಾಡುಗಳನ್ನು ಸಾಗಿಸಿದ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಹಳೆಯ ಖಾತೆಯಿಂದ ನಾಲ್ಕೂ ಐಎಸ್‌ಆರ್‌ಸಿ ಬರೆದುಕೊಂಡೆವು. ಗಳಿಕೆಯ ವರದಿಗಳನ್ನು ಡೌನ್‌ಲೋಡ್ ಮಾಡಿಕೊಂಡೆವು. ಮೂಲ ವೇವ್ ಫೈಲ್‌ಗಳು ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕವು, ಒಂದನ್ನು ಬಿಟ್ಟು. ಅದು ಮಿಕ್ಸಿಂಗ್ ಮಾಡಿದ ಹುಬ್ಬಳ್ಳಿಯ ಹುಡುಗನ ಹಾರ್ಡ್ ಡಿಸ್ಕಿನಲ್ಲಿತ್ತು. ಹೊಸ ಕಡೆ ಅದೇ ಕೋಡ್ ಹಾಕಿ ಕೊಟ್ಟು, ಎರಡೂ ಕಡೆಯ ಹಾಡು ಆ್ಯಪ್‌ಗಳಲ್ಲಿ ಒಂದಾಗಿ ಎಣಿಕೆ ಸೇರಿದ್ದನ್ನು ನೋಡಿಕೊಂಡು, ಬಾಕಿ ದುಡ್ಡು ತೆಗೆದುಕೊಂಡು, ಆಮೇಲೆ ಹಳೆಯದನ್ನು ಇಳಿಸಲು ಹೇಳಿದೆವು. ಮೊದಲೇ ಇಳಿಸಿದ್ದರೆ ನಡುವೆ ಹಾಡು ಮತ್ತೆ ಮಾಯವಾಗುತ್ತಿತ್ತು. ನಾಲ್ಕನೇ ಹಾಡು ಮಾತ್ರ ಸಾಗಿಸಲಿಲ್ಲ. ಅದು ಬೇಂದ್ರೆಯವರ ಕವಿತೆ, ಒಪ್ಪಿಗೆಗೆ ಪತ್ರ ಬರೆದು ಕಾಯುತ್ತಿದ್ದಾನೆ.

ಅಕ್ಕನಿಗೆ ಹಾಡು ಸಿಕ್ಕಿದೆ. ಈಗ ಅವಳದು ಬೇರೆ ಬೇಡಿಕೆ: “ಕಾಲರ್ ಟ್ಯೂನ್ ಯಾಕ ಬರವಲ್ದು?” ಹೊಸ ಕಂಪನಿಯ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆವು. ಅದರಲ್ಲಿ ಕಾಲರ್ ಟ್ಯೂನ್ ಇಲ್ಲ.